ಹದಿನೇಳನೇ ನಂಬರಿನ ಕಾಫಿ

ಹದಿನೇಳನೇ ನಂಬರಿನ ಗೆರೆಯಲ್ಲಿ ಜೋಡಿ ಗುಡ್ಡ ಏಳುವುದನ್ನು ಮೊದಲು ಕಂಡವಳು ಮೇದಿನಿ. ಕಂಡಾಗ ಅವಳಿಗೆ ಆದದ್ದು ಬರೀ ಸಂತೋಷ.

ಮೈಸೂರಿನ ಸಸ್ಯಾಹಾರ ಸಂಶೋಧನಾ ಕೇಂದ್ರದ ಮೂರನೇ ಮಹಡಿಯಲ್ಲಿ ಗೋಡೆಯುದ್ದಕ್ಕೂ ಒಂದು ಪರದೆ. ಅದರ ಮೇಲೆ ನಲವತ್ತು ಜೋಡಿ ಗೆರೆಗಳು, ಕಾಫಿಗೊಂದು, ಸೋಯಾಕ್ಕೊಂದು. ಊರಿನ ನಲವತ್ತು ಜನ ತೋಳಿನ ಒಳಬದಿಗೆ ಎರಡಂಗುಲದ ಪಟ್ಟಿಯೊಂದನ್ನು ಅಂಟಿಸಿಕೊಂಡು ತಿರುಗಾಡುತ್ತಿದ್ದರು. ಕುಡಿದದ್ದರಲ್ಲಿ ಯಾವ ಸಸ್ಯದ ಅಂಶ ಎಷ್ಟು ಮೈಗೆ ಹತ್ತಿತು ಎಂಬುದನ್ನು ಆ ಪಟ್ಟಿ ಚರ್ಮದಡಿಯಿಂದಲೇ ತಿಳಿದು, ಐದೈದು ನಿಮಿಷಕ್ಕೊಮ್ಮೆ ಪ್ರಯೋಗಶಾಲೆಗೆ ತಿಳಿಸುತ್ತಿತ್ತು. ಅದನ್ನು ರೂಪಿಸಿದವಳು ಮೇದಿನಿ. ಅದಕ್ಕಾಗಿ ಅವಳ ಬದುಕಿನ ಒಂಬತ್ತು ವರ್ಷ ಹೋಗಿತ್ತು.

ಈಗಿನ ಪ್ರಯೋಗಕ್ಕೆ ಮೂಲ ಹಾಲು. ಹಸುಗಳ ಕೆಚ್ಚಲು ಬತ್ತಿಸುವ ರೋಗ ದೇಶದ ಕೊಟ್ಟಿಗೆಗಳಿಗೆಲ್ಲ ಹಬ್ಬಿ ಆರು ವರ್ಷವಾಗಿತ್ತು. ಸಿಗುವ ಅಷ್ಟಿಷ್ಟು ಹಾಲು ಎಳೆಮಕ್ಕಳಿಗೆ, ರೋಗಿಗಳಿಗೆ, ಅದೂ ಚೀಟಿ ತೋರಿಸಿದರೆ. ಮಿಕ್ಕವರಿಗೆ ಸೋಯಾ ಹಾಲು. ಮೈಸೂರಿನವರು ಮೊಸರನ್ನು ಮರೆತರು, ತುಪ್ಪವನ್ನೂ ಮರೆತರು, ಕಾಫಿಯನ್ನು ಮಾತ್ರ ಬಿಡಲಾರದೆ ಹೋದರು. ಬಿಸಿ ಡಿಕಾಕ್ಷನ್ ಬಿದ್ದೊಡನೆ ಸೋಯಾ ಹಾಲು ಒಡೆಯುತ್ತಿತ್ತು. ಚಿಟಿಕೆ ಅಡುಗೆ ಸೋಡಾ ಹಾಕುವುದನ್ನು ಕಲಿತರು. ಹಸಿ ಕಾಳಿನ ವಾಸನೆ ಹೊಡೆಯುತ್ತಿತ್ತು. ಏಲಕ್ಕಿ ಗುದ್ದಿ ಹಾಕಿದರು. ಲಗ್ನಪತ್ರಿಕೆಯಲ್ಲಿ ‘ಹಸುವಿನ ಹಾಲಿನ ಕಾಫಿ ಇರುತ್ತದೆ’ ಎಂದು ಅಚ್ಚು ಹಾಕಿಸುವ ಶ್ರೀಮಂತರೂ ಹುಟ್ಟಿಕೊಂಡರು.

ರುಚಿಯ ಮಾತು ಹಾಗಿರಲಿ, ಸರಕಾರ ಮೇದಿನಿಯ ತಂಡಕ್ಕೆ ಒಪ್ಪಿಸಿದ್ದು ಬೇರೆ ಪ್ರಶ್ನೆ. ಕಾಫಿಯಲ್ಲಿ ಕ್ಲೋರೋಜೆನಿಕ್ ಎಂಬ ಆಮ್ಲವಿದೆ. ಸೋಯಾದಲ್ಲಿ ಐಸೊಫ್ಲೇವೋನ್ ಎಂಬ ಅಂಶವಿದೆ. ಎರಡನ್ನೂ ಒಂದೇ ಲೋಟಕ್ಕೆ ಸುರಿದರೆ ಮೈಗೆ ಹತ್ತುವುದೆಷ್ಟು? ಮೂರು ತಿಂಗಳ ಗೆರೆಗಳು ಕೊಟ್ಟ ಉತ್ತರ ಬೇಸರದ್ದು. ಸೋಯಾದ ಪ್ರೋಟೀನು ಗೋಜಲಾದ ದಾರದ ಉಂಡೆಯ ಹಾಗೆ. ಕಾಫಿಯ ಆಮ್ಲ ಅದರೊಳಗೆ ಸಿಕ್ಕಿಕೊಂಡು, ಸಿಕ್ಕಿಕೊಂಡಂತೆಯೇ ಕರುಳಿನಲ್ಲಿ ಸಾಗಿ ಹೊರಗೆ ಹೋಗುತ್ತಿತ್ತು. ಸೋಯಾದ ಅಂಶವೋ, ಸಕ್ಕರೆಯ ಕಣವೊಂದಕ್ಕೆ ಕಟ್ಟಿಕೊಂಡಿದ್ದರಿಂದ ಬೇಗ ಬಿಡಿಸಿಕೊಳ್ಳುತ್ತಿರಲಿಲ್ಲ. ಕಾಫಿ ಕುಡಿದ ಮೇಲೆ ಎಲ್ಲರ ಗೆರೆಯೂ ಸಣ್ಣ ದಿಣ್ಣೆಯೊಂದನ್ನು ಹತ್ತಿ ಮತ್ತೆ ಮಲಗಿಬಿಡುತ್ತಿತ್ತು. ವರದಿ ಹೀಗೇ ಹೋದರೆ, ಮೈಗೆ ಹತ್ತದ ಪಾನೀಯವೆಂದು ಹೋಟೆಲು, ಹಾಸ್ಟೆಲುಗಳಲ್ಲಿ ಸೋಯಾ ಕಾಫಿಗೆ ಪರವಾನಗಿಯೇ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹದಿನೇಳರದು ಮಾತ್ರ ಬೇರೆ ಕಥೆ. ಬೆಳಗಿನ ಹೊತ್ತು ಅದೂ ಎಲ್ಲರಂತೆ ದಿಣ್ಣೆಯೇ. ಆದರೆ ಮಂಗಳವಾರ ಮತ್ತು ಗುರುವಾರ, ಸಂಜೆ ನಾಲ್ಕೂ ಮುಕ್ಕಾಲರ ಹೊತ್ತಿಗೆ, ಕಾಫಿಯ ಗೆರೆ ಸರ್ರನೆ ಏರಿ ನಿಲ್ಲುತ್ತಿತ್ತು. ಅದರ ಬೆನ್ನಿಗೇ ಸೋಯಾದ ಗೆರೆ. ಒಂದು ಇನ್ನೊಂದಕ್ಕೆ ಅಡ್ಡಿಯಾಗಿಯೇ ಇಲ್ಲ.

“ಮೇಡಂ, ಇದು ಬರೀ ಕಾಫಿ, ಬರೀ ಸೋಯಾ ಕುಡಿದ್ರೂ ಇಷ್ಟು ಬರಲ್ಲ,” ಎಂದಳು ಫಿರ್ದೋಸ್. ತಂಡದ ಲೆಕ್ಕಾಚಾರವೆಲ್ಲ ಅವಳದು. ಯಾವ ನಂಬರು ಯಾರದೆಂಬ ವಿವರ ಇದ್ದದ್ದೂ ಅವಳ ಬಳಿ ಮಾತ್ರ. ಉಳಿದವರು ತಿಳಿಯಕೂಡದೆಂಬುದು ನಿಯಮ. “ಆದ್ರೆ ಕುಡಿದದ್ದನ್ನೆಲ್ಲ ಬರೆದಿಡೋ ದಿನಚರಿಯಲ್ಲಿ ಸಂಜೆಯ ಜಾಗ ಖಾಲಿ ಬಿಟ್ಟಿದ್ದಾರೆ. ಫೋನ್ ಮಾಡಿ ಕೇಳ್ಲಾ?”

“ತಡಿ, ಮೊದಲು ಹಿಂದಿನ ದಾಖಲೆ ಎಲ್ಲಾ ನೋಡ್ತೀನಿ. ನಾಳೆ ಕೇಳೋಣ,” ಎಂದಳು ಮೇದಿನಿ.

ಫಿರ್ದೋಸ್ ಹೋದ ಮೇಲೆ ಅವಳು ಹದಿನೇಳರ ದಿನಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದಳು. ಬೆಳಗಿನ ದಿಣ್ಣೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕಾಫಿ ಕುಡಿದದ್ದು ಆರೂ ಹತ್ತಕ್ಕೆ. ಹಿಂದಿನ ದಿನವೂ ಆರೂ ಹತ್ತು. ಭಾನುವಾರ ಮಾತ್ರ ಒಂಬತ್ತೂ ಇಪ್ಪತ್ತು.

ಅವಳ ಬೆರಳು ಅಲ್ಲೇ ನಿಂತಿತು. ಭಾನುವಾರ ಮೇದಿನಿಯ ಮನೆಯ ಮಿಕ್ಸಿ ಸುಟ್ಟುಹೋಗಿತ್ತು. ನೆನೆಸಿದ ಸೋಯಾ ಕಾಳನ್ನು ಪಕ್ಕದ ಮನೆಗೆ ಒಯ್ದು ರುಬ್ಬಿಸಿಕೊಂಡು ಬಂದು, ಹಾಲು ಹಿಂಡಿ, ಅವಳು ಗಂಡನ ಕೈಗೆ ಕಾಫಿ ಕೊಟ್ಟಾಗ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತಾಗಿತ್ತು. “ತಡವಾದ್ರೂ ಚೆನ್ನಾಗಿದೆ ಬಿಡು,” ಎಂದಿದ್ದ ನಂದೀಶ.

ಬೇರೆ ದಿನಗಳಲ್ಲಿ ಅವರ ಮನೆಯ ಕಾಫಿ ಆರೂ ಹತ್ತಕ್ಕೇ.

ನಂದೀಶ ಖಾಸಗಿ ಹೈಸ್ಕೂಲೊಂದರಲ್ಲಿ ಚಿತ್ರಕಲಾ ಮೇಷ್ಟ್ರು. ಹೆಂಡತಿಯ ಪ್ರಯೋಗಕ್ಕೆ ಜನ ಸಾಲದೆ ಬಂದಾಗ ತಾನೇ ತೋಳು ಮುಂದೆ ಮಾಡಿದವನು. ಒಳ್ಳೆಯ ಗಂಡ. ಆರು ವರ್ಷದಿಂದ ಒಂದು ದಿನವೂ ಬೇಡವೆನ್ನದೆ ಅವಳ ಸೋಯಾ ಕಾಫಿ ಕುಡಿದವನು. ಯಾವ ಹಾಲಿಗೆ ಎಷ್ಟು ಡಿಕಾಕ್ಷನ್, ಎಷ್ಟು ಬಿಸಿ, ಎಲ್ಲವನ್ನೂ ಅವಳು ಅವನ ನಾಲಗೆಯ ಮೇಲೆ ಪರೀಕ್ಷೆ ಮಾಡಿ ಗೊತ್ತುಮಾಡಿಕೊಂಡಿದ್ದಳು.

ಅಂದು ಸಂಜೆ ಅವಳು ಸೊಪ್ಪು ಬಿಡಿಸುತ್ತ, ದನಿಯಲ್ಲಿ ಏನೂ ತೋರಗೊಡದೆ ಕೇಳಿದಳು. “ರೀ, ಸ್ಕೂಲ್ ಬಿಟ್ಟ ಮೇಲೆ ಎಲ್ಲಾದ್ರೂ ಕಾಫಿ ಕುಡೀತೀರಾ?”

“ಇಲ್ವಲ್ಲ,” ಎಂದ ನಂದೀಶ, ಪೇಪರಿನಿಂದ ತಲೆ ಎತ್ತದೆ. “ಬೆಳಿಗ್ಗೆ ನೀನು ಕೊಡೋದೇ ಸಾಕು ನಂಗೆ.”

ಸೊಪ್ಪಿನ ದಂಟು ಅವಳ ಕೈಯಲ್ಲಿ ಚಟಕ್ಕನೆ ಮುರಿಯಿತು. ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ಸಲೀಸಾಗಿ ಬರುವುದಾದರೆ ಇದು ಮೊದಲನೆಯದಾಗಿರಲಾರದು ಎನ್ನಿಸಿತು.

ಮಾರನೆಯ ದಿನ ಫಿರ್ದೋಸ್ ಫೋನಿನ ಮಾತೆತ್ತಿದಾಗ, “ಇನ್ನೊಂದು ಗುರುವಾರ ನೋಡೋಣ,” ಎಂದು ಮೇದಿನಿ ತಡೆದಳು. ಗುರುವಾರ ತಲೆನೋವೆಂದು ಹೇಳಿ ನಾಲ್ಕಕ್ಕೇ ಹೊರಟಳು. ಶಾಲೆಯೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಬೇಡದ ಕಾಗದವೊಂದರ ಪ್ರತಿ ಮಾಡಿಸುತ್ತ ನಿಂತಳು. ನಾಲ್ಕೂಕಾಲಿಗೆ ಗಂಡ ಹೊರಗೆ ಬಂದು, ಮನೆಯ ದಾರಿ ಬಿಟ್ಟು ಅಗ್ರಹಾರದ ಕಡೆಗೆ ನಡೆದ. ನಡಿಗೆಯಲ್ಲಿ ಅವಸರವಿತ್ತು. ಮನೆಗೆ ಬರುವಾಗ ಅವನು ಹಾಗೆ ನಡೆದದ್ದನ್ನು ಅವಳು ಕಂಡಿರಲಿಲ್ಲ.

ಅಡ್ಡರಸ್ತೆಯೊಂದರಲ್ಲಿ ಸಣ್ಣ ಕಾಫಿಪುಡಿ ಅಂಗಡಿ. ಮುಂದೆ ಪುಡಿ ಮಾಡುವ ಯಂತ್ರ, ಪಕ್ಕದಲ್ಲಿ ಒಂದು ಮರದ ಬೆಂಚು. ಬೆಂಚಿನ ಮೇಲೆ ಇಬ್ಬರು ಮುದುಕರಿದ್ದರು. ನಂದೀಶ ಅವರ ನಡುವೆ ಜಾಗ ಮಾಡಿಕೊಂಡು ಕುಳಿತ. ಒಳಗಿನಿಂದ ಒಬ್ಬ ಹೆಂಗಸು ಬಂದಳು. ಮೇದಿನಿಯ ವಯಸ್ಸಿನವಳೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಮೊಣಕೈವರೆಗೂ ಕಾಫಿಪುಡಿ. ಏನೋ ಹೇಳಿ ನಕ್ಕು ಅವನ ಕೈಗೆ ಲೋಟ ಕೊಟ್ಟಳು. ಅವನು ಮೊದಲ ಗುಟುಕು ಎಳೆದುಕೊಂಡು ಕಣ್ಣು ಮುಚ್ಚಿದ.

ಎದುರಿನ ಬೇಲಿಯ ಮರೆಯಲ್ಲಿ ನಿಂತ ಮೇದಿನಿ ಆ ಮುಖವನ್ನು ನೋಡಿದಳು. ಹುಬ್ಬು ಸಡಿಲವಾಗಿ, ತುಟಿಯ ಕೊನೆ ಸ್ವಲ್ಪ ಮೇಲಕ್ಕೆದ್ದು, ಇನ್ನೇನೂ ಬೇಡವೆನ್ನುವಂಥ ಮುಖ. ಅವನು ಆ ಹೆಂಗಸಿನ ಕೈ ಹಿಡಿದಿದ್ದರೂ ಅವಳಿಗೆ ಇಷ್ಟು ಸಂಕಟವಾಗುತ್ತಿತ್ತೋ ಇಲ್ಲವೋ. ಎದೆಯಿಂದ ಹೊಟ್ಟೆಗೆ ಬಿಸಿಯಾದದ್ದೇನೋ ಇಳಿಯಿತು. ಒಂಬತ್ತು ವರ್ಷ, ನಲವತ್ತು ಜನ, ಕೋಟಿಗಟ್ಟಲೆಯ ಯಂತ್ರಗಳು; ಇಷ್ಟಾಗಿಯೂ ತನ್ನಿಂದಾಗದ್ದನ್ನು ಮೊಣಕೈಗೆ ಪುಡಿ ಮೆತ್ತಿಕೊಂಡ ಯಾರೋ ಒಬ್ಬಳು ಬೆಂಚಿನ ಪಕ್ಕದಲ್ಲಿ ಮಾಡಿಬಿಟ್ಟಿದ್ದಾಳೆ. ಅದೂ ತನ್ನ ಗಂಡನ ಮೈಯಲ್ಲಿ.

ಶುಕ್ರವಾರ ಬೆಳಿಗ್ಗೆ ಫಿರ್ದೋಸ್ ಬಾಯಿ ತೆರೆಯುವ ಮೊದಲೇ ಮೇದಿನಿ ಹೇಳಿದಳು. “ಹದಿನೇಳನ್ನ ತೆಗೆದುಹಾಕು. ಪಟ್ಟಿ ಕೆಟ್ಟಿದೆ.”

“ಕೆಟ್ಟಿದೆಯಾ? ಬೆಳಗಿನ ಗೆರೆ ಸರಿಯಾಗೇ ಬರ್ತಿದೆಯಲ್ಲ ಮೇಡಂ?”

“ಬಿಸಿಲು ಬಿದ್ರೆ ಕೆಲವು ಪಟ್ಟಿ ಹಾಗಾಡುತ್ತೆ. ಮಾಡಿದವಳು ನಾನು, ನಂಗೊತ್ತು.”

ಫಿರ್ದೋಸ್ ಕಾರಣ ಬರೆಯುವ ಹಾಳೆಯನ್ನು ಮುಂದಕ್ಕೆ ಸರಿಸಿದಳು. ನಂಬರು ಯಾರದೆಂದು ಅವಳಿಗೆ ಗೊತ್ತಿತ್ತು, ಆದರೆ ಹೇಳುವಂತಿರಲಿಲ್ಲ. “ಕಾರಣ ನೀವೇ ಬರೆದು ಸಹಿ ಹಾಕಿ ಮೇಡಂ,” ಎಂದಷ್ಟೇ ಅಂದಳು. ಮೇದಿನಿ ‘ಪಟ್ಟಿಯ ದೋಷ’ ಎಂದು ಬರೆದು ಸಹಿ ಮಾಡಿದಳು. ಪರದೆಯ ಮೇಲೆ ಮೂವತ್ತೊಂಬತ್ತು ಜೋಡಿ ಗೆರೆಗಳು ಉಳಿದವು. ಸಂಶಯಕ್ಕೆ ಎಡೆಯಿಲ್ಲದ, ಒಪ್ಪವಾದ ಉತ್ತರ. ಸೋಮವಾರ ವರದಿ ಹೊರಡಬೇಕು. ಪರವಾನಗಿ ನಿಂತರೆ ಆ ಬೆಂಚೂ ಖಾಲಿಯಾಗುತ್ತದೆ ಎಂದು ಯೋಚಿಸಿದಾಗ ಅವಳಿಗೆ ಸಿಕ್ಕ ಸಮಾಧಾನ ಅವಳನ್ನೇ ಹೆದರಿಸಿತು.

ಮಧ್ಯಾಹ್ನದ ಊಟ ಸೇರಲಿಲ್ಲ. ಮೂರು ಗಂಟೆಗೆ ಅವಳು ಕಪಾಟಿನಿಂದ ಹೊಸ ಪಟ್ಟಿಯೊಂದನ್ನು ತೆಗೆದು ತನ್ನ ತೋಳಿಗೇ ಅಂಟಿಸಿಕೊಂಡು ಅಗ್ರಹಾರಕ್ಕೆ ಹೊರಟಳು. ಆ ಕಾಫಿ ತನ್ನ ಮೈಯಲ್ಲಿ ಏಳದಿದ್ದರೆ ಸಾಕು, ಬರೆದದ್ದು ಸುಳ್ಳಾಗುವುದಿಲ್ಲ ಎಂದುಕೊಂಡಳು. ಅದು ಏಳದಿರಲೆಂದು ದೇವರಲ್ಲಿ ಬೇಡಿಕೊಳ್ಳುವುದೊಂದು ಬಾಕಿ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. “ಬರ್ರಿ ಅಕ್ಕಾ, ಕುಂದರ್ರಿ,” ಎಂದಳು ಹೆಂಗಸು. ಮಾತು ಬೀದರಿನ ಕಡೆಯದು. ಹೆಸರು ಜಗದೇವಿ. ಮೇದಿನಿ ಕಾಲು ಕೆ.ಜಿ. ಪುಡಿ ಕೇಳಿ, ಕುಡಿಯಲು ಒಂದು ಲೋಟ ಕಾಫಿಯೂ ಬೇಕೆಂದಳು. ಯಂತ್ರ ತಿರುಗಿಸುತ್ತಿದ್ದ ಜಗದೇವಿಯ ಕಣ್ಣು ಅವಳ ತೋಳಿನ ಮೇಲೆ ಬಿತ್ತು.

“ಅಯ್ಯ, ಈ ಪಟ್ಟಿ ನಮ್ಮ ಮಾಸ್ತರಿಗೂ ಅದರಿ.”

“ಯಾವ ಮಾಸ್ತರು?”

“ಚಿತ್ರ ಕಲಸ್ತಾರಲ್ರಿ, ಅವರು. ಅವರ ಮನಿಯವರು ದೊಡ್ಡ ವಿಜ್ಞಾನಿ ಅಂತ. ಮನಿಯಾಗ ಕಾಫಿ ಅಂದ್ರ ಔಷಧ ಕುಡದಂಗ ಅಂತಾರ ಪಾಪ. ಕುಡಿಯೂತನಕ ಅವರು ಎದುರಿಗೇ ನಿಂತು ಮಾರಿ ನೋಡ್ತಾರಂತ. ಚಂದ ಅದ ಅನ್ಲಿಕ್ಕೇ ಬೇಕಲ್ರಿ!” ಜಗದೇವಿ ನಕ್ಕಳು. ಅದರಲ್ಲಿ ಚುಚ್ಚುವುದೇನೂ ಇರಲಿಲ್ಲ. ಅದಕ್ಕೇ ಅದು ಇನ್ನಷ್ಟು ಚುಚ್ಚಿತು.

ಮೇದಿನಿಯ ಕಿವಿ ಕಾದವು. ಎದ್ದು ಹೋಗಿಬಿಡಬೇಕೆನ್ನಿಸಿತು. ಅಷ್ಟರಲ್ಲಿ ಲೋಟ ಕೈಗೆ ಬಂತು.

ಹಸಿ ವಾಸನೆಯಿಲ್ಲ. ಒಡೆದಿಲ್ಲ, ಸೋಡಾದ ಚೊಗರಿಲ್ಲ. ಎಲ್ಲೋ ಹಿಂದೆ ಒಂದೆಳೆ ಹುಳಿ, ಅದರ ಮೇಲೆ ಡಿಕಾಕ್ಷನ್ನಿನ ಕಹಿ ತುಂಬಿಕೊಂಡು ನಿಂತಿತ್ತು. ಎರಡನೇ ಗುಟುಕಿಗೆ ಅವಳ ಕಣ್ಣು ತಾನಾಗಿ ಮುಚ್ಚಿಕೊಂಡವು. ಗೊತ್ತಾದೊಡನೆ ರೆಪ್ಪೆ ತೆರೆದಳು, ನಾಚಿಕೆಯಾಯಿತು.

“ಇದನ್ನ ಹೇಗೆ ಮಾಡ್ತೀರಿ?” ಎಂದು ಕೇಳಿದಾಗ ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು.

“ಭಾಳ ಏನಿಲ್ರಿ. ನಮ್ಮ ಭಾಲ್ಕಿ ಕಡಿ ಹೊಲದಾಗೆಲ್ಲ ಸೋಯಾನೇ. ಕಾಳು ನೆನಸಿ ಮೊಳಕಿ ಬರಸ್ತೀನಿ. ರುಬ್ಬಿ, ಹಿಂಡಿ, ಕುದಿಸಿ ಆರಸ್ತೀನಿ. ನಿನ್ನಿ ಹಾಲು ಒಂದು ಚಮಚ ಹಾಕಿ ಗಡಿಗಿ ಬಾಯಿಗಿ ಬಟ್ಟಿ ಕಟ್ಟಿ ಇಡ್ತೀನಿ. ಮೊಸರು ಆಗಬಾರದ್ರಿ, ಅದಕ್ಕೂ ಮೊದಲ ತೆಗೀಬೇಕು. ಮೂಗಿಗಿ ಗೊತ್ತಾಗ್ತದ. ಎರಡು ವರ್ಷ ಕೆಡಸಿ ಕೆಡಸಿ ಕಲ್ತೀನ್ರಿ. ಮನಿಯವರು ತೀರಿದ ಮ್ಯಾಲ ಅಂಗಡಿ ನಡೀಬೇಕಿತ್ತಲ್ಲ.”

ಮೇದಿನಿಗೆ ತಲೆಯೊಳಗೆ ಒಂದೊಂದೇ ಬಾಗಿಲು ತೆರೆದಂತಾಯಿತು. ಮೊಳಕೆಯೂ ಹುದುಗೂ ಸೇರಿ ಪ್ರೋಟೀನಿನ ಉದ್ದ ದಾರವನ್ನು ತುಂಡು ತುಂಡು ಮಾಡುತ್ತವೆ. ಕಾಫಿಯ ಆಮ್ಲ ಸಿಕ್ಕಿಕೊಳ್ಳಲು ಗೋಜಲೇ ಇರುವುದಿಲ್ಲ. ಅದೇ ಹುದುಗು ಸೋಯಾದ ಅಂಶವನ್ನು ಸಕ್ಕರೆಯಿಂದ ಬಿಡಿಸಿ ಕೊಡುತ್ತದೆ. ಇಷ್ಟು ಸರಳ. ಇದು ತನಗೆ ಹೊಳೆಯಬೇಕಾಗಿತ್ತು.

“ಯಾರಿಗಾದ್ರೂ ಹೇಳಿಕೊಟ್ಟಿದ್ದೀರಾ?”

“ಯಾರೂ ಕೇಳಿಲ್ರಿ,” ಎಂದಳು ಜಗದೇವಿ. “ಕುಡದು ಹೋಗ್ತಾರ. ನೀವೇ ಮೊದಲನೇದವರು.”

ಮೇದಿನಿ ಫೋನು ತೆಗೆದು ತನ್ನ ಗೆರೆ ನೋಡುತ್ತ ಕುಳಿತಳು. ಇಪ್ಪತ್ತು ನಿಮಿಷ ಏನೂ ಇಲ್ಲ. ಅವಳ ಎದೆ ಹಗುರಾಗತೊಡಗಿತು. ಇಪ್ಪತ್ತೈದನೇ ನಿಮಿಷಕ್ಕೆ ಕಾಫಿಯ ಗೆರೆ ತಲೆ ಎತ್ತಿತು. ಏರಿತು, ಇನ್ನೂ ಏರಿತು. ಅದರ ಹಿಂದೆಯೇ ಸೋಯಾದ್ದು. ಅವಳು ಅಂಗೈಯಿಂದ ತೋಳಿನ ಪಟ್ಟಿಯನ್ನು ಒತ್ತಿ ಹಿಡಿದಳು, ಒತ್ತಿದರೆ ನಿಲ್ಲುತ್ತದೇನೋ ಎಂಬಂತೆ. ಬೇರೊಬ್ಬಳು ಮಾಡಿದ್ದನ್ನು ಅವಳ ಮೈ, ಅವಳನ್ನು ಒಂದು ಮಾತೂ ಕೇಳದೆ, ಸಂತೋಷವಾಗಿ ಒಳಗೆ ತೆಗೆದುಕೊಳ್ಳುತ್ತಿತ್ತು.

“ಯಾಕ್ರೀ ಅಕ್ಕಾ, ಕಣ್ಣಾಗ ನೀರು?”

“ಬಿಸಿ ಜಾಸ್ತಿ ಆಯ್ತು,” ಎಂದಳು ಮೇದಿನಿ. ನಾಲ್ಕು ಹೆಜ್ಜೆ ಹೋದವಳು ಹಿಂತಿರುಗಿ ಬಂದಳು. “ಜಗದೇವಿಯವರೇ, ಆ ಮೇಷ್ಟ್ರ ಹೆಂಡತಿ ನಾನೇ.”

ಜಗದೇವಿಯ ಕೈ ಬಾಯಿಗೆ ಹೋಯಿತು. ಮೇದಿನಿ ಅವಳ ಮಾತಿಗೆ ಕಾಯಲಿಲ್ಲ.

ನಂದೀಶ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಅವಳು ಹೇಳಿದಳು. “ಜಗದೇವಿ ಅಂಗಡಿಗೆ ಹೋಗಿದ್ದೆ.”

ಅವನು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಗೋಡೆಯ ಬದಿಗೆ ಸರಿಸಿದ. ಆಮೇಲೆ ಬಂದು ಕುರ್ಚಿಯ ಅಂಚಿಗೆ ಕುಳಿತ. “ಪಟ್ಟಿ ಹೇಳ್ತಾ?”

“ನಿಮಗೆ ಗೊತ್ತಿತ್ತಲ್ಲ, ಅದು ಹೇಳುತ್ತೆ ಅಂತ. ತೆಗೆದಿಟ್ಟು ಹೋಗಬಹುದಾಗಿತ್ತು.”

“ತೆಗೆಯೋಕೆ ಮನಸ್ಸು ಬರ್ಲಿಲ್ಲ. ನಿನ್ನ ಕೆಲಸ ಕೆಡಬಾರದು ಅಂತ.”

“ಸುಳ್ಳು ಹೇಳೋಕೆ ಮನಸ್ಸು ಬಂತು!”

“ಬಂತು,” ಎಂದ ಅವನು. “ಆರು ವರ್ಷ ಚೆನ್ನಾಗಿದೆ ಅಂದವನು ಈಗ ಹೇಗೆ ಇಲ್ಲ ಅನ್ಲಿ? ನೀನು ಲೋಟ ಕೊಟ್ಟು ನನ್ನ ಮುಖಾನೇ ನೋಡ್ತಾ ನಿಲ್ತೀಯ. ಕುಡಿಯೋದಲ್ಲ ಮೇದಿನಿ ಅದು, ಪರೀಕ್ಷೆ ಬರೆಯೋದು. ಅಲ್ಲಿ ಆ ಬೆಂಚಿನ ಮೇಲೆ ನನ್ನನ್ನ ಯಾರೂ ಅಳೆಯಲ್ಲ.”

“ಅವಳನ್ನ ನೋಡೋಕೆ ಹೋಗ್ತೀರಾ?” ಕೇಳಬಾರದೆಂದುಕೊಂಡಿದ್ದ ಮಾತು ಹೊರಗೆ ಬಿದ್ದಿತ್ತು.

ಅವನು ಬೇಗ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅವಳು ನಂಬುತ್ತಿರಲಿಲ್ಲ. “ಅವಳು ನಕ್ಕರೆ ನಂಗೆ ಇಷ್ಟವಾಗುತ್ತೆ,” ಎಂದ ಕೊನೆಗೆ. “ಅದಕ್ಕಿಂತ ಹೆಚ್ಚಿಲ್ಲ. ಕಡಿಮೆ ಅಂತಲೂ ಹೇಳಲ್ಲ.”

ಮೇದಿನಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದಳು. ಮತ್ತೆ ತೊಳೆದಳು. ತಾನು ಹದಿನೇಳನ್ನು ಅಳಿಸಿದ್ದನ್ನು ಅವನಿಗೆ ಹೇಳಲು ಹೊರಗೆ ಬಂದಾಗ ಅವನು ಅಲ್ಲೇ ಕುಳಿತಿದ್ದ. ಎಲ್ಲವನ್ನೂ ಕೇಳಿ, “ಅಷ್ಟೊಂದು ಕೋಪ ಬಂತಾ?” ಎಂದ, ಬೆರಗಾದವನಂತೆ.

“ಕೋಪ ಅಲ್ಲ,” ಎಂದಳು ಅವಳು.

ಶನಿವಾರ ಮೇದಿನಿ ಫಿರ್ದೋಸಳ ಮನೆಗೆ ಹೋಗಿ ವರದಿ ತಡೆಹಿಡಿಯಲು ಹೇಳಿದಳು. ತನ್ನ ತೋಳಿನ ಜೋಡಿ ಗುಡ್ಡವನ್ನು ತೋರಿಸಿದಳು. ಫಿರ್ದೋಸ್ ಅದನ್ನು ನೋಡಿ, “ನಾನು ಹದಿನೇಳರ ದಾಖಲೆ ಅಳಿಸಿರಲಿಲ್ಲ ಮೇಡಂ. ಬೇರೆ ಕಡೆ ಇಟ್ಟಿದ್ದೆ,” ಎಂದಳು. “ಸೋಮವಾರ ನೀವು ಹೇಳದಿದ್ರೆ ನಾನೇ ಹೇಳೋಳಿದ್ದೆ.”

“ಒಳ್ಳೇದು ಮಾಡಿದೆ,” ಎಂದಳು ಮೇದಿನಿ. ಹಾಗೆನ್ನುವಾಗಲೂ, ತಾನು ಮಾಡಬೇಕಾಗಿದ್ದನ್ನು ಇನ್ನೊಬ್ಬಳು ಮಾಡಿದಳಲ್ಲಾ ಎಂಬ ಉರಿ ಒಳಗೆ ಸಣ್ಣಗೆ ಹೊತ್ತಿಕೊಂಡಿತು.

ಹದಿನೇಳನ್ನು ತೆಗೆದುಹಾಕಿದ್ದರ ವಿಚಾರಣೆ ಹದಿನೈದು ದಿನಕ್ಕೆ ನಡೆಯಿತು. ಉದ್ದನೆಯ ಮೇಜು, ನಿರ್ದೇಶಕರು, ಹೊರಗಿನ ಇಬ್ಬರು ಪ್ರಾಧ್ಯಾಪಕರು, ನಡಾವಳಿ ಬರೆದುಕೊಳ್ಳುವ ಸರೋಜಮ್ಮ. ಅಷ್ಟರೊಳಗೆ ಫಿರ್ದೋಸ್ ಜಗದೇವಿಯ ಕಾಫಿಯನ್ನು ಇನ್ನೂ ಹನ್ನೆರಡು ಜನರಿಗೆ ಕುಡಿಸಿ ನೋಡಿದ್ದಳು. ಒಂಬತ್ತು ಜನರಲ್ಲಿ ಜೋಡಿ ಗುಡ್ಡ ಎದ್ದಿತ್ತು. ಉಳಿದ ಮೂವರಲ್ಲಿ ಏಕಿಲ್ಲ ಎಂಬುದು ಹೊಸ ಪ್ರಶ್ನೆಯಾಗಿತ್ತು. ಪರವಾನಗಿಯ ನಿರ್ಧಾರವನ್ನು ಸರಕಾರ ಮುಂದೂಡಿತ್ತು.

ನಿರ್ದೇಶಕರು ಮೃದು ಸ್ವಭಾವದವರು. “ಮೇದಿನಿಯವರೇ, ಪಟ್ಟಿ ಕೆಟ್ಟಿದೆ ಅಂತ ನೀವು ನಿಜವಾಗಿ ನಂಬಿದ್ರಿ, ಅಲ್ವೇ?” ಎಂದು ಕೇಳಿದರು. ಹೌದೆಂದರೆ ಎಲ್ಲ ಮುಗಿಯುತ್ತದೆ ಎಂಬುದು ಆ ದನಿಯಲ್ಲೇ ಇತ್ತು.

“ಇಲ್ಲ ಸರ್. ಸರಿಯಾಗಿದೆ ಅಂತ ಗೊತ್ತಿತ್ತು.”

“ಹಾಗಾದ್ರೆ ಯಾಕೆ ತೆಗೆದ್ರಿ?”

“ಹೊಟ್ಟೆಕಿಚ್ಚಿಗೆ.”

ಸರೋಜಮ್ಮನ ಪೆನ್ನು ನಿಂತಿತು. ಅವರು ನಿರ್ದೇಶಕರ ಮುಖ ನೋಡಿದರು. “ವೈಯಕ್ತಿಕ ಕಾರಣ ಅಂತ ಹಾಕ್ಲಾ ಸರ್?”

“ಬೇಡಮ್ಮ,” ಎಂದಳು ಮೇದಿನಿ. “ನಾನು ಹೇಳಿದ್ದನ್ನೇ ಬರೀರಿ. ಮುಂದೆ ಯಾರಾದ್ರೂ ಈ ಗೆರೆಗಳನ್ನ ಓದಿದಾಗ ಯಾಕೆ ಹೀಗಾಯ್ತು ಅಂತ ತಿಳೀಬೇಕು.”

ಸರೋಜಮ್ಮ ನಿಧಾನವಾಗಿ, ಕಾಗುಣಿತ ತಪ್ಪದಂತೆ, ಆ ಒಂದು ಪದವನ್ನು ಬರೆದರು.

ಮೂರು ವರ್ಷ ಯಾವ ಪ್ರಯೋಗದ ಮುಂದಾಳತ್ವವನ್ನೂ ಮೇದಿನಿಗೆ ಕೊಡಕೂಡದೆಂದು ಆದೇಶವಾಯಿತು. ಅವಳ ಕುರ್ಚಿಗೆ ಫಿರ್ದೋಸ್ ಬಂದಳು. ಹುದುಗಿಸಿದ ಸೋಯಾ ಹಾಲಿನ ವಿಧಾನ ಜಗದೇವಿಯ ಹೆಸರಿನಲ್ಲೇ ದಾಖಲಾಯಿತು. ಅರ್ಜಿಯ ತಾಂತ್ರಿಕ ಭಾಗವನ್ನು ಬರೆದುಕೊಟ್ಟವಳು ಮೇದಿನಿ. ಬರೆಯುವಾಗ ‘ಕಂಡುಹಿಡಿದವರು’ ಎಂಬಲ್ಲಿ ಬೇರೊಬ್ಬಳ ಹೆಸರು ತುಂಬಲು ಅವಳು ಎದ್ದು ಕಿಟಕಿಯವರೆಗೆ ಹೋಗಿ ಬರಬೇಕಾಯಿತು. ಆದರೂ ಅಕ್ಷರ ತಪ್ಪಲಿಲ್ಲ.

ಒಂದು ಮಂಗಳವಾರ ನಂದೀಶ ಶಾಲೆಯಿಂದ ನೇರ ಮನೆಗೆ ಬಂದ. ವಿಚಾರಣೆಯ ದಿನದಿಂದ ಅವನು ಅಗ್ರಹಾರದ ಕಡೆಗೆ ಹೋಗಿರಲಿಲ್ಲ. ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡದೆ ಕೇಳಿದ. “ಮೇದಿನಿ, ಇವತ್ತು ಅಂಗಡಿಗೆ ಹೋಗಿ ಬರ್ಲಾ?”

ಅದೇ ಬಿಸಿ ಅವಳ ಎದೆಯಿಂದ ಹೊಟ್ಟೆಗೆ ಇಳಿಯಿತು. ಅದು ಕಡಿಮೆಯಾಗಿರಲಿಲ್ಲ. ಅವಳು ಮೇಜಿನ ಅಂಚು ಹಿಡಿದು, ಅದು ಪೂರ್ತಿ ಇಳಿಯುವವರೆಗೆ ಕಾದಳು. ನಂದೀಶನೂ ಕಾದ.

“ಹೋಗಿ ಬನ್ನಿ,” ಎಂದಳು.